ಹನ್ನೊಂದು ಮತ್ತು ಎಂಟು

ಹಾರ್ಮನ್ ಡೋರ್ನ್‌ಬೋಸ್ ವೆಸ್ಟರ್‌ಮೇಡ ಪುರಸಭೆಯ ಕಾಗದಗಳಿಗೆ ಇಪ್ಪತ್ತೆರಡು ವರ್ಷ ರುಜು ಹಾಕಿದ್ದ. ಅಷ್ಟೂ ರುಜುಗಳ ಮೇಲೆ ‘ಸಭಾ ಕಾರ್ಯದರ್ಶಿಯ ಬದಲಿಗೆ’ ಎಂದು ಅಚ್ಚಾಗಿರುತ್ತಿತ್ತು. ಮೊದಮೊದಲು ಆ ‘ಬದಲಿಗೆ’ಯನ್ನು ಅವನು ನೋಡುತ್ತಲೇ ಇರಲಿಲ್ಲ. ಬರಬರುತ್ತಾ ಅದೊಂದೇ ಕಣ್ಣಿಗೆ ಬೀಳತೊಡಗಿತು, ಒಗೆದರೂ ಹೋಗದ ಕಲೆಯ ಹಾಗೆ.

ಅವನು ಕೆಲಸಕ್ಕೆ ಸೇರಿದ ವರ್ಷವೇ ದೇಶದ ಕಾನೂನು ಬದಲಾಗಿತ್ತು. ಮೇಯರ್ ಮತ್ತು ಅವರ ಆಡಳಿತದ ಕಚೇರಿ ಬೇರೆ, ಜನ ಆರಿಸಿ ಕಳಿಸಿದ ಸದಸ್ಯರ ಕಚೇರಿ ಬೇರೆ ಎಂದಾಯಿತು. ಸದಸ್ಯರಿಗೆ ತಮ್ಮದೇ ಆದ ಒಬ್ಬ ಸಭಾ ಕಾರ್ಯದರ್ಶಿ. ಅವನನ್ನು ನೇಮಿಸುವವರೂ ಅವರೇ, ತೆಗೆಯುವವರೂ ಅವರೇ. ಮೇಯರ್ ಸಭೆಯ ಅಧ್ಯಕ್ಷತೆ ವಹಿಸಿದರೆ ಪಕ್ಕದ ಕುರ್ಚಿ ಕಾರ್ಯದರ್ಶಿಯದು. ಸಭೆಯ ಒಂದೊಂದು ತೀರ್ಮಾನದ ಕೆಳಗೂ ಇಬ್ಬರದೂ ರುಜು ಬೀಳಬೇಕು. ಹಾರ್ಮನ್ ಸೇರಿದ್ದು ಸಹಾಯಕನಾಗಿ. ಸಹಾಯಕನಾಗಿಯೇ ಐವತ್ತೆಂಟು ವರ್ಷದವನಾದ.

ಮೇಲಿನವರು ಬಂದರು, ಹೋದರು. ಕೆಲಸ ಅವನೇ ಮಾಡಿದ. ಸಂಜೆ ಏಳೂವರೆಗೆ ಸಭೆ ಎಂದರೆ ಏಳೂ ಇಪ್ಪತ್ತಕ್ಕೆ ವಿರೋಧ ಪಕ್ಷದ ತ್ರೈನ್ ಬುಲ್ಡರ್ ಓಡಿ ಬರುತ್ತಿದ್ದಳು, ಕೈಯಲ್ಲಿ ಕಾಫಿ ಚೆಲ್ಲಿದ ಒಂದು ಚೀಟಿ.

“ಹಾರ್ಮನ್, ಇದನ್ನ ಮನುಷ್ಯರು ಓದೋ ಹಾಗೆ ಮಾಡ್ಕೊಡು ಮಾರಾಯ.”

“ಇದು ತಿದ್ದುಪಡಿನೋ, ನಿರ್ಣಯನೋ?”

“ಅದನ್ನ ನೀನೇ ಹೇಳ್ಬೇಕು. ಅದಕ್ಕೇ ತಾನೆ ನೀನಿರೋದು?”

ಹತ್ತು ನಿಮಿಷದಲ್ಲಿ ಅವನು ಅದಕ್ಕೆ ಕಲಂ ಹಾಕಿ, ಎಲ್ಲಿಂದ ಹಣ ತರಬೇಕೆಂದು ಸೇರಿಸಿ, ನೆಟ್ಟಗೆ ನಿಲ್ಲಿಸಿ ಕೊಡುತ್ತಿದ್ದ. ಅವಳು ಎದ್ದು ನಿಂತು ಓದುತ್ತಿದ್ದಳು. ಶನಿವಾರದ ಪತ್ರಿಕೆಯಲ್ಲಿ ಅವಳ ಚಿತ್ರ ಬರುತ್ತಿತ್ತು. ಹನ್ನೆರಡು ವರ್ಷದ ಹಿಂದೆ ಹಳೆಯ ಶಾಲೆಯನ್ನು ಕೆಡವದಂತೆ ಉಳಿಸಿದ ನಿರ್ಣಯದ ಒಂದೊಂದು ಮಾತೂ ಹಾರ್ಮನ್‌ನದು. ಆ ಶಾಲೆಯ ಗೋಡೆಗೆ ಹಾಕಿದ ಹಿತ್ತಾಳೆ ಫಲಕದಲ್ಲಿ ಆರು ಹೆಸರುಗಳಿವೆ. ಅವನ ಹೆಸರಿಲ್ಲ. ಕಾರ್ಯದರ್ಶಿಯಾದವನ ಹೆಸರು ಎಲ್ಲೂ ಇರಬಾರದು ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದರೂ ಆ ದಾರಿಯಲ್ಲಿ ಸೈಕಲ್ ತುಳಿಯುವಾಗ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದ.

ಏಳು ವರ್ಷದ ಹಿಂದೆ ಜಾಗ ಖಾಲಿಯಾದಾಗ ಅವನು ಅರ್ಜಿ ಹಾಕಿದ್ದ. ಸಭೆ ಸ್ಟೆಂಡರ್ ಎಂಬ ಹೊರಗಿನವನನ್ನು ಆರಿಸಿತು. ಅವನಿಗೆ ಪುರಸಭೆಯ ಹನ್ನೊಂದು ಹಳ್ಳಿಗಳ ಹೆಸರೇ ಬಾಯಿಗೆ ಬರುತ್ತಿರಲಿಲ್ಲ. ಆಗ ಸದಸ್ಯರೆಲ್ಲ ಹಾರ್ಮನ್‌ನ ಕೈ ಕುಲುಕಿ, “ನೀನಿದ್ದೀಯಲ್ಲ, ನಮಗೇನು ಚಿಂತೆ” ಎಂದರು. ಆ ಮಾತನ್ನು ಅವನು ಏಳು ವರ್ಷ ಜೇಬಿನಲ್ಲಿ ಕಲ್ಲಿನ ಹಾಗೆ ಹೊತ್ತು ತಿರುಗಿದ. ಹೋದ ಚಳಿಗಾಲದಲ್ಲಿ ಸ್ಟೆಂಡರ್ ದೊಡ್ಡ ಊರಿಗೆ ಹೊರಟುಹೋದ. ಮತ್ತೆ ಜಾಹೀರಾತು ಬಂತು. ಅದನ್ನು ಬರೆದುಕೊಟ್ಟವನೂ ಹಾರ್ಮನ್‌ನೇ. ಮತ್ತೆ ಆಯ್ಕೆ ಸಮಿತಿಯಾಯಿತು, ಮುಂದಾಳು ತ್ರೈನ್. ಕೊನೆಗೆ ಎರಡು ಹೆಸರು ಉಳಿದವು: ಹಾರ್ಮನ್ ಡೋರ್ನ್‌ಬೋಸ್, ಮತ್ತು ಉಟ್ರೆಕ್ಟ್‌ನಿಂದ ಬಂದ ಫ್ಲೋರ್ ದ ವಿಲ್ಡ, ಮೂವತ್ತನಾಲ್ಕು ವರ್ಷದವಳು. ಜೂನ್ ಇಪ್ಪತ್ತರ ಸಭೆಯಲ್ಲಿ ಗುಟ್ಟಿನ ಮತದಿಂದ ಒಬ್ಬರನ್ನು ಆರಿಸಬೇಕು.

ಏಪ್ರಿಲ್‌ನಲ್ಲಿ ಸಿಬ್ಬಂದಿ ವಿಭಾಗದಿಂದ ಅವನಿಗೊಂದು ಕಾಗದ ಬಂತು. ಹೊಸ ಕಾರ್ಯದರ್ಶಿ ಬಂದ ಮೇಲೆ ಸಹಾಯಕನ ಹುದ್ದೆ ಇರುವುದಿಲ್ಲ. ಆಯ್ಕೆಯಾಗದಿದ್ದರೆ ಡೋರ್ನ್‌ಬೋಸ್ ಅವರನ್ನು ನಾಲ್ಕು ಪುರಸಭೆಗಳ ಜಂಟಿ ದಾಖಲೆ ಉಗ್ರಾಣಕ್ಕೆ ಕಳಿಸಲಾಗುವುದು. ಉಗ್ರಾಣವೆಂದರೆ ಕಾಲುವೆಯಾಚೆಯ ತಗಡಿನ ಕಟ್ಟಡ. ಅಲ್ಲಿ ಮಾತಾಡಲು ಮನುಷ್ಯರಿಲ್ಲ. ತಾನೇ ಬರೆದ ಕಾಗದಗಳನ್ನು ತಾನೇ ಪೆಟ್ಟಿಗೆಗೆ ಹಾಕಿ, ನಿವೃತ್ತಿಯವರೆಗೆ ಧೂಳು ಒರೆಸುವುದು.

ಕಾಗದ ಓದಿದ ದಿನ ಅವನು ಮನೆಗೆ ಹೋಗಿ ಆಲೂಗಡ್ಡೆ ಸುಲಿದ. ಹೆಂಡತಿ ಹಿಲ್ಕೆ ಅವನ ಕೈಯನ್ನೇ ನೋಡಿದಳು.

“ಏನ್ರೀ, ಸಿಪ್ಪೆ ಜೊತೆ ಅರ್ಧ ಗಡ್ಡೆನೂ ಹೋಗ್ತಿದೆ. ಯಾರ ಮೇಲೆ ಸಿಟ್ಟು?”

“ಯಾರ ಮೇಲೂ ಇಲ್ಲ ಕಣೇ.”

“ಹಂಗಾದ್ರೆ ಎಲ್ಲರ ಮೇಲೂ,” ಎಂದಳು ಅವಳು.

ಸೋಲುವುದು ಖಂಡಿತ ಎಂಬುದಕ್ಕೆ ಅವನ ಬಳಿ ಪುರಾವೆಗಳಿದ್ದವು. ಪಕ್ಷಗಳ ಮುಂದಾಳುಗಳು ಗುಂಪು ಕೂಡಿ ಮಾತಾಡುತ್ತಿರುವಲ್ಲಿ ಅವನು ಕಾಫಿ ಹಿಡಿದು ಹೋದರೆ ಮಾತು ನಿಂತುಹೋಗುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅವನ ಎದುರು ಯಾರೂ ಬಾಯಿ ಮುಚ್ಚಿದವರಲ್ಲ. ಅವನನ್ನು ಕುರ್ಚಿ ಮೇಜಿನ ಲೆಕ್ಕಕ್ಕೆ ಹಿಡಿದಿದ್ದರು. ಈಗ ತ್ರೈನ್ ಅವನನ್ನು ಕಂಡರೆ ಕಡತ ಮುಚ್ಚುತ್ತಿದ್ದಳು. ಮೇಯರ್ ಎಲ್ಸಿಂಗ ಒಂದು ದಿನ ಮೆಟ್ಟಿಲಲ್ಲಿ ಅವನನ್ನು ತಡೆದರು.

“ಹಾರ್ಮನ್, ಇಪ್ಪತ್ತನೇ ತಾರೀಕು ಹಿಲ್ಕೆನೂ ಬರ್ಲಿ. ಮೇಲೆ ಜನ ಕೂರೋ ಕಡೆ ಜಾಗ ಇಟ್ಟಿರ್ತೀವಿ.”

“ಅವಳ್ಯಾಕೆ, ಮೇಡಂ?”

“ಸುಮ್ನೆ. ಅಂಥ ದಿನ ಮನೆಯವರು ಜೊತೇಲಿದ್ರೆ ಒಳ್ಳೇದಲ್ವಾ?”

ಅಂಥ ದಿನ. ಸೋತವನ ಕೈ ಹಿಡಿದು ಮನೆಗೆ ಕರೆದುಕೊಂಡು ಹೋಗಲು ಒಬ್ಬರು ಬೇಕಲ್ಲ ಎಂದುಕೊಂಡ ಹಾರ್ಮನ್. ಇವರ ಕರುಣೆಗಿಂತ ಬೈಗುಳ ಮೇಲು ಅನ್ನಿಸಿತು.

ಇನ್ನು ಹಿರಿಯ ಸದಸ್ಯ ಫೊಕ್ಕೊ ವೇನಿಂಗ. ಎಂಬತ್ತು ಹಸುಗಳ ಒಡೆಯ, ಸಭೆಯಲ್ಲಿ ಇಪ್ಪತ್ತಾರು ವರ್ಷದಿಂದ ಒಂದೇ ಕುರ್ಚಿ. ಯಾರನ್ನಾದರೂ ಕೆಣಕದೆ ಅವನಿಗೆ ಕಾಫಿ ಇಳಿಯುತ್ತಿರಲಿಲ್ಲ.

“ಏನಯ್ಯಾ ಹಾರ್ಮನ್, ಆ ಪಟ್ಟಣದ ಹುಡುಗಿ ಬಂದಿದ್ಲಲ್ಲ ಸಂದರ್ಶನಕ್ಕೆ. ಏನ್ ಮಾತು, ಏನ್ ಮಾತು! ನಮ್ ತ್ರೈನೇ ಬಾಯಿ ಬಿಟ್ಕೊಂಡು ಕೂತ್ಬಿಟ್ಟಿದ್ಲಂತೆ. ತ್ರೈನ್ ಸುಮ್ನಿದ್ದದ್ದು ಯಾವತ್ತಾದ್ರೂ ನೋಡಿದ್ಯಾ ನೀನು?”

“ಸಮಿತಿ ಒಳಗಿನ ಮಾತು ಹೊರಗೆ ಆಡೋ ಹಾಗಿಲ್ಲ, ಫೊಕ್ಕೊ.”

“ನಾನೆಲ್ಲಿ ಸಮಿತೀಲಿದ್ದೀನಿ? ನಾನು ಹಾಲು ಕರೆಯೋನು. ನಮ್ ಹಸುಗಳು ಹೇಳಿದ್ದು.” ಫೊಕ್ಕೊ ಅವನ ಬೆನ್ನು ತಟ್ಟಿ ನಕ್ಕ. “ಮುಖ ಯಾಕೆ ಹಾಗ್ ಮಾಡ್ತೀಯ? ಉಗ್ರಾಣದಲ್ಲಿ ತಂಪಾಗಿರುತ್ತೆ ಬಿಡು, ಬೇಸಗೇಲಿ ಒಳ್ಳೇದು.”

ಉಗ್ರಾಣದ ವಿಚಾರ ಇವನವರೆಗೂ ಹೋಗಿದೆ. ಎಲ್ಲರಿಗೂ ಗೊತ್ತು, ಎಲ್ಲರೂ ನಗುತ್ತಿದ್ದಾರೆ. ಆ ಮಧ್ಯಾಹ್ನ ಹಾರ್ಮನ್ ಮಡಿಸುವ ಕುರ್ಚಿ ತರಲು ಪುರಭವನದ ಅಟ್ಟಕ್ಕೆ ಹೋದವನು ಪೆಟ್ಟಿಗೆಯನ್ನು ಕಂಡ.

ಅವನು ಎಷ್ಟೋ ಸಲ ಕಂಡಿದ್ದ ಪೆಟ್ಟಿಗೆಯೇ. ಐವತ್ತು ವರ್ಷದ ಹಿಂದೆ ಔಡೆಸೈಲ್ ಎಂಬ ಪಕ್ಕದ ಪುಟ್ಟ ಪುರಸಭೆಯನ್ನು ವೆಸ್ಟರ್‌ಮೇಡದ ಜೊತೆ ಸೇರಿಸಿದಾಗ ಅಲ್ಲಿಯ ಸಾಮಾನೆಲ್ಲ ಇಲ್ಲಿಗೆ ಬಂದಿತ್ತು. ಎರಡು ಊರಿನ ಮತಪೆಟ್ಟಿಗೆಗಳನ್ನೂ ಒಬ್ಬನೇ ಬಡಗಿ ಒಂದೇ ಮರದಿಂದ ಮಾಡಿದ್ದ. ರೊಟ್ಟಿ ಡಬ್ಬಿಯಷ್ಟು ದೊಡ್ಡದು, ಓಕ್ ಮರ, ಹಿತ್ತಾಳೆ ಬೀಗ. ಒಂದು ಸಭಾಂಗಣದ ಕಪಾಟಿನಲ್ಲಿ ಬಳಕೆಯಲ್ಲಿದೆ; ಇನ್ನೊಂದು ಇಲ್ಲಿ. ಹಾರ್ಮನ್ ಅದರ ಮೇಲೆ ಕೈಯಾಡಿಸಿದ. ಕೆಳಗಿನ ಪೆಟ್ಟಿಗೆಯ ಬೀಗದ ಕೈಯನ್ನು ತಂದು ಹಾಕಿ ನೋಡಿದ. ತೆರೆದುಕೊಂಡಿತು. ಅವನು ಮಡಿಸುವ ಕುರ್ಚಿಯೊಂದರ ಮೇಲೆ ಕೂತು ಬಹಳ ಹೊತ್ತು ಯೋಚಿಸಿದ. ಎದ್ದಾಗ ಅವನ ಮನಸ್ಸಿನಲ್ಲಿ ಕೆಲಸ ಮುಗಿದಿತ್ತು, ಮಾಡುವುದಷ್ಟೇ ಬಾಕಿ.

ಕೈ ಎತ್ತಿ ಹಾಕುವ ಮತ ಬೇರೆ, ವ್ಯಕ್ತಿಗಳ ವಿಷಯದಲ್ಲಿ ಹಾಕುವ ಮತ ಬೇರೆ. ವ್ಯಕ್ತಿಯ ವಿಷಯ ಬಂದರೆ ಚೀಟಿ. ಚೀಟಿಯಲ್ಲಿ ಎರಡು ಹೆಸರು ಅಚ್ಚಾಗಿರುತ್ತದೆ, ಒಂದೊಂದರ ಎದುರು ಒಂದು ಬಿಳಿ ವೃತ್ತ. ಬೇಕಾದವರ ವೃತ್ತಕ್ಕೆ ಕೆಂಪು ಪೆನ್ಸಿಲಿನಿಂದ ಬಣ್ಣ ತುಂಬಿ ಮಡಿಸಬೇಕು. ಕೈಬರಹವಿಲ್ಲ, ಹೆಸರಿಲ್ಲ. ಚೀಟಿ ಮಾಡುವವನು ಹಾರ್ಮನ್. ಕಾಗದದ ಕಟ್ಟು ಅವನ ಬೀರುವಿನಲ್ಲಿ, ಮೊಹರು ಅವನ ಮೇಜಿನಲ್ಲಿ, ಪೆನ್ಸಿಲುಗಳನ್ನು ಕೆತ್ತಿಡುವವನೂ ಅವನೇ. ಪೆಟ್ಟಿಗೆಯನ್ನು ಮೇಜಿನ ಸುತ್ತ ಒಯ್ದು ಚೀಟಿ ಹಾಕಿಸಿಕೊಂಡು, ಆಮೇಲೆ ಪಕ್ಕದ ಕೋಣೆಗೆ ಒಯ್ದಿಡಬೇಕು. ಅಲ್ಲಿ ಮೂವರು ಸದಸ್ಯರು ಬಾಗಿಲು ಹಾಕಿಕೊಂಡು ಎಣಿಸುತ್ತಾರೆ. ಒಯ್ಯುವ ಕೆಲಸ ಹಿಂದೆ ಕಚೇರಿಯ ಜವಾನನದಾಗಿತ್ತು. ನಾಲ್ಕು ವರ್ಷದ ಹಿಂದೆ ಖರ್ಚು ಉಳಿಸಲು ಸಭೆಯೇ ಆ ಹುದ್ದೆಯನ್ನು ತೆಗೆದುಹಾಕಿತು. ಅಂದಿನಿಂದ ಪೆಟ್ಟಿಗೆಯೂ ಹಾರ್ಮನ್‌ನ ಪಾಲಿಗೇ ಬಂದಿತ್ತು.

ಅಭ್ಯರ್ಥಿಯೇ ಪೆಟ್ಟಿಗೆ ಮುಟ್ಟಬಹುದೇ? ಅವನು ನಿಯಮಾವಳಿಯನ್ನು ಮೂರು ಸಲ ತಿರುವಿದ. ತನ್ನ ಲಾಭದ ವಿಷಯದಲ್ಲಿ ಸದಸ್ಯ ಮತ ಹಾಕಬಾರದು ಎಂದಿದೆ. ಪೆಟ್ಟಿಗೆ ಹೊರುವವನ ಬಗ್ಗೆ ಒಂದು ಮಾತೂ ಇಲ್ಲ. ಆ ನಿಯಮಾವಳಿ ಬರೆದವನು ಅವನೇ. ಅಂಥದ್ದೊಂದು ಬರೆಯಬೇಕೆಂದು ಅವನಿಗಾಗಲಿ ಬೇರೆ ಯಾರಿಗಾಗಲಿ ಹೊಳೆದಿರಲಿಲ್ಲ. ಡೋರ್ನ್‌ಬೋಸ್ ಮೋಸ ಮಾಡುತ್ತಾನೆಂದು ವೆಸ್ಟರ್‌ಮೇಡದಲ್ಲಿ ಯಾರೂ ಕನಸಿನಲ್ಲೂ ನೆನೆಯುವುದಿಲ್ಲ. ಈ ಒಂದು ನಂಬಿಕೆಯೇ ಇಪ್ಪತ್ತೆರಡು ವರ್ಷದ ದುಡಿಮೆಯ ಗಳಿಕೆ ಎಂದು ಅವನಿಗೆ ಅನ್ನಿಸಿತು. ಅದನ್ನು ಒಂದೇ ಸಲಕ್ಕೆ ಖರ್ಚು ಮಾಡಿಬಿಡುವುದೆಂದು ನಿಶ್ಚಯಿಸಿದ.

ಸಭಾಂಗಣದ ಬಾಗಿಲಿನಿಂದ ಎಣಿಸುವ ಕೋಣೆಗೆ ಹನ್ನೆರಡು ಹೆಜ್ಜೆ. ಏಳನೆಯ ಹೆಜ್ಜೆಗೆ ಎಡಕ್ಕೆ ಕಾಫಿ ಮಾಡುವ ಸಣ್ಣ ಗೂಡು, ಅದರಲ್ಲಿ ಗಾಲಿ ಮೇಜು, ಕೆಳ ಹಲಗೆಯವರೆಗೂ ಇಳಿಬಿದ್ದ ಬಿಳಿ ಬಟ್ಟೆ. ತುಂಬಿದ ಪೆಟ್ಟಿಗೆ ಬಟ್ಟೆಯೊಳಗೆ ಹೋಗಬೇಕು, ಔಡೆಸೈಲ್‌ನ ಪೆಟ್ಟಿಗೆ ಹೊರಗೆ ಬರಬೇಕು. ಶುಕ್ರವಾರ ಮಧ್ಯಾಹ್ನ ನಾಲ್ಕರ ಮೇಲೆ ಕಚೇರಿಯಲ್ಲಿ ನರಪಿಳ್ಳೆ ಇರುವುದಿಲ್ಲ. ಮೂರು ಶುಕ್ರವಾರ ಅವನು ಗಡಿಯಾರ ಹಿಡಿದು ಅಭ್ಯಾಸ ಮಾಡಿದ. ಮೊದಲು ಒಂಬತ್ತು ಸೆಕೆಂಡು ಹಿಡಿಯಿತು. ಕೊನೆಗೆ ನಾಲ್ಕಕ್ಕೆ ಇಳಿಯಿತು. ಅಟ್ಟದ ಪೆಟ್ಟಿಗೆಯ ಧೂಳು ಒರೆಸಿ, ಬಳಕೆಯ ಪೆಟ್ಟಿಗೆಯ ಒಂದು ಮೂಲೆಯಲ್ಲಿದ್ದ ಗೀರನ್ನು ಇದರಲ್ಲೂ ಮೊಳೆಯಿಂದ ಎಳೆದು, ಗೀರಿಗೆ ಚಹಾದ ಸೊಪ್ಪು ಉಜ್ಜಿ ಹಳತು ಮಾಡಿದ. ಇಷ್ಟು ಚೆನ್ನಾಗಿ ತಾನು ಯಾವ ಕೆಲಸವನ್ನೂ ಮಾಡಿಲ್ಲವಲ್ಲ, ಇದನ್ನು ಹೊಗಳುವವರು ಯಾರೂ ಇಲ್ಲವಲ್ಲ ಎಂದು ಅವನಿಗೆ ಅದರಲ್ಲೂ ಒಂದು ಬೇಸರ ಹುಟ್ಟಿತು.

ಉಳಿದದ್ದು ಅಂಕಿ. ಸದಸ್ಯರು ಹತ್ತೊಂಬತ್ತು. ಎಷ್ಟು ಮತದಿಂದ ಗೆಲ್ಲಬೇಕು? ಆಸೆಬುರುಕನಾದರೆ ಹದಿನೈದು ಎಂದಾನು. ಹದಿನೈದು ಎಂದರೆ ಜನ ಹುಬ್ಬೇರಿಸುತ್ತಾರೆ. ಈ ಸೀಮೆಯಲ್ಲಿ ತಲೆ ಎತ್ತಿ ನಡೆಯುವವನನ್ನು ಯಾರಿಗೂ ಕಂಡರಾಗದು. ಹತ್ತಕ್ಕೆ ಒಂಬತ್ತು ಎಂದರೆ ತೀರ ಅಂಚು, ಯಾರಾದರೂ ಇನ್ನೊಮ್ಮೆ ಮತ ಹಾಕೋಣ ಎಂದಾರು. ಹನ್ನೊಂದು ಮತ್ತು ಎಂಟು. ಅದು ನಂಬುವಂಥ ಅಂಕಿ, ವಿನಯದ ಅಂಕಿ. ಸೋತ ಎಂಟು ಜನ ಸುಮ್ಮನೆ ಕಾಫಿ ಕುಡಿದು ಮನೆಗೆ ಹೋಗುತ್ತಾರೆ. ಆ ಹುಡುಗಿಗೇ ಮತ ಹಾಕಿದ ಉಳಿದ ಮೂರೋ ನಾಲ್ಕೋ ಜನ ‘ನಮ್ಮವರೇ ಯಾರೋ ಕೈಕೊಟ್ಟರು’ ಎಂದು ಒಬ್ಬರನ್ನೊಬ್ಬರು ಅನುಮಾನಿಸುತ್ತಾರೆ. ಗುಟ್ಟಿನ ಮತವಾದ್ದರಿಂದ ಯಾರೂ ಯಾರನ್ನೂ ಕೇಳುವಂತಿಲ್ಲ.

ಭಾನುವಾರ ಹಿಲ್ಕೆ ಇಗರ್ಜಿಯ ಹಾಡುಗಾರರ ಜೊತೆ ಹೋದ ಮೇಲೆ ಅವನು ಅಡಿಗೆಮನೆಯ ಮೇಜಿನ ಮೇಲೆ ಚೀಟಿಗಳನ್ನು ಹರಡಿಕೊಂಡು ಕೂತ. ಎಲ್ಲವೂ ಒಂದೇ ಕೈಯಿಂದ ಬಣ್ಣ ತುಂಬಿದ ಹಾಗೆ ಕಾಣಬಾರದು. ಆದ್ದರಿಂದ ಒಂದೊಂದು ಚೀಟಿಗೂ ಒಬ್ಬೊಬ್ಬ ಸದಸ್ಯನನ್ನು ನೆನೆದುಕೊಂಡ. ಮೊದಲು ತನಗೆ ವಿರುದ್ಧವಾದ ಎಂಟು. ತ್ರೈನ್‌ಳ ವೃತ್ತವನ್ನು ಕಾಗದ ಹರಿಯುವಷ್ಟು ಒತ್ತಿ ತುಂಬಿದ. ಕಾಫಿ ಚೆಲ್ಲಿದ ಅಷ್ಟೂ ಚೀಟಿಗಳ ಸಿಟ್ಟು ಅದರೊಳಗೆ ಹೋಯಿತು. ಹಿತ್ತಾಳೆ ಫಲಕದಲ್ಲಿ ಹೆಸರಿದ್ದವರಲ್ಲಿ ಇನ್ನೂ ಸಭೆಯಲ್ಲಿರುವ ಇಬ್ಬರು. ಅವನ ತಾಯಿ ತೀರಿಕೊಂಡ ವಾರ ರಸ್ತೆ ಉಬ್ಬಿನ ವಿಚಾರವಾಗಿ ಮನೆಗೆ ಏಳು ಸಲ ಫೋನ್ ಮಾಡಿದ ಒಬ್ಬ. ಎಂಟು ವರ್ಷದಿಂದ ಅವನನ್ನು ಹರ್ಮಾನ್ ಎಂದೇ ಕರೆಯುವ ಒಬ್ಬಳು. ಎಂಟನೆಯದನ್ನು ಯಾರಿಗೆ ಕೊಡುವುದೆಂದು ಸ್ವಲ್ಪ ಹೊತ್ತು ತಡೆದು, ಫೊಕ್ಕೊ ವೇನಿಂಗನಿಗೆ ಕೊಟ್ಟ. ಮುದುಕನ ಕೈ ನಡುಗುವ ಹಾಗೆ ವೃತ್ತದ ಗೆರೆ ದಾಟಿಸಿ ತುಂಬಿದ. ಉಗ್ರಾಣ ತಂಪಾಗಿರುತ್ತದಂತೆ.

ಎಂಟು ಬೇಗ ಮುಗಿಯಿತು. ಕಷ್ಟವಾದದ್ದು ಹನ್ನೊಂದು. ತನಗೆ ಮತ ಹಾಕುವ ಮುಖಗಳನ್ನು ನೆನೆಯಲು ಹೊರಟರೆ ಎರಡು ಸಿಕ್ಕವು, ಮೂರನೆಯದು ಅರ್ಧ ಸಿಕ್ಕಿತು. ಮಿಕ್ಕವನ್ನು ಮುಖವಿಲ್ಲದೆಯೇ, ಎಡಗೈಯಲ್ಲಿ ಕೆಲವು, ಬಲಗೈಯಲ್ಲಿ ಕೆಲವು, ತುಂಬಿದ. ಕೊನೆಯ ಚೀಟಿಯ ಹೊತ್ತಿಗೆ ಅವನಿಗೆ ಎಷ್ಟು ನೋವಾಗಿತ್ತೆಂದರೆ, ಅವರು ನಿಜವಾಗಿ ಅವನನ್ನು ಸೋಲಿಸಿ ಆಗಿಹೋಯಿತೇನೋ ಎಂಬಂತೆ ಕೂತಿದ್ದ.

ಯಾರಾದರೂ ಗೈರಾದರೆ ಔಡೆಸೈಲ್‌ನ ಪೆಟ್ಟಿಗೆಯಿಂದ ಅಷ್ಟು ಚೀಟಿ ತೆಗೆಯಬೇಕಾಗುತ್ತದೆ. ಯಾವುದನ್ನು ತೆಗೆಯಬೇಕೆಂದೂ ಪಟ್ಟಿ ಮಾಡಿಕೊಂಡ. ಇನ್ನು ನಿಜವಾದ ಮತಗಳು. ಮಾರನೆಯ ದಿನ ಅವು ಕಾಗದ ಚೂರು ಮಾಡುವ ಯಂತ್ರಕ್ಕೆ ಹೋಗಬೇಕು, ನಿಯಮದ ಪ್ರಕಾರ, ಯಾರೂ ಓದದಂತೆ. ತಾನೂ ಓದುವುದಿಲ್ಲ ಎಂದು ಅವನು ಆಗಲೇ ತೀರ್ಮಾನಿಸಿದ್ದ. ಪೆಟ್ಟಿಗೆ ಬದಲಾಯಿಸುವುದು ಒಂದು ವಿಚಾರ. ಒಬ್ಬ ಸದಸ್ಯನ ಗುಟ್ಟಿನ ಮತವನ್ನು ಬಿಚ್ಚಿ ನೋಡುವುದು ಬೇರೆ ವಿಚಾರ. ಅಂಥ ನೀಚ ಕೆಲಸ ಮಾಡುವವನು ಸಭಾ ಕಾರ್ಯದರ್ಶಿಯಾಗಲು ಯೋಗ್ಯನಲ್ಲ.

ಜೂನ್ ಇಪ್ಪತ್ತರ ಸಂಜೆ ಏಳೂವರೆಗೆ ಹೊರಗೆ ಇನ್ನೂ ಹಾಡುಹಗಲಿನ ಬೆಳಕಿತ್ತು. ಟಿವಿಯಲ್ಲಿ ಫುಟ್‌ಬಾಲ್ ಪಂದ್ಯವಿದ್ದ ಸಂಜೆ. ಐದಾರು ಕುರ್ಚಿ ಖಾಲಿಯಿರುತ್ತದೆಂದು ಹಾರ್ಮನ್ ಎಣಿಸಿದ್ದ. ಹಾಜರಿ ಕರೆದಾಗ ಹತ್ತೊಂಬತ್ತು ಜನವೂ ಇದ್ದರು. ಟೆಕ್ಸಲ್ ದ್ವೀಪಕ್ಕೆ ರಜೆಗೆಂದು ಹೋಗಿದ್ದ ಒಬ್ಬ ಸದಸ್ಯ ಸಹ ಬಿಸಿಲಿಗೆ ಸುಟ್ಟ ಮೂಗು ಹೊತ್ತು ದೋಣಿ ಹತ್ತಿ ಬಂದಿದ್ದ. ತನ್ನನ್ನು ಸೋಲಿಸಲು ಇಷ್ಟೊಂದು ಉತ್ಸಾಹವೇ ಎಂದು ಹಾರ್ಮನ್‌ಗೆ ಕಹಿಯಾಯಿತು. ಆದರೆ ಲೆಕ್ಕಕ್ಕೆ ಅನುಕೂಲವೇ ಆಯಿತು. ಒಂದು ಚೀಟಿಯನ್ನೂ ತೆಗೆಯಬೇಕಾಗಿಲ್ಲ.

ಮೇಲೆ ಜನ ಕೂರುವ ಕಡೆ ಹಿಲ್ಕೆ ನೀಲಿ ಅಂಗಿ ತೊಟ್ಟು ಕೂತಿದ್ದಳು. ಮೇಯರ್ ವಿಷಯ ಓದಿದರು. ಹಾರ್ಮನ್ ಚೀಟಿ ಹಂಚಿ, ಪೆಟ್ಟಿಗೆ ಎತ್ತಿಕೊಂಡು ಎದ್ದ.

“ಅಧ್ಯಕ್ಷರೇ,” ಎಂದ ಫೊಕ್ಕೊ, “ಮದುಮಗನ ಕೈಲೇ ತಟ್ಟೆ ಹೊರಿಸ್ತಿದ್ದೀವಲ್ಲ, ಇದು ಸರೀನಾ?”

“ನಿನ್ನ ಮಂಡಿ ಸರಿಯಿದ್ರೆ ನೀನೇ ಹೊರು, ಫೊಕ್ಕೊ,” ಎಂದರು ಮೇಯರ್. ಸಭೆಯೆಲ್ಲ ನಕ್ಕಿತು.

“ಬೇಡಪ್ಪ, ಅವನ ಕೈಲೇ ಇರ್ಲಿ. ಅವನು ಬೀಳಿಸೋನಲ್ಲ.”

ಮೇಜಿನ ಸುತ್ತ ಹಾರ್ಮನ್ ಮೆಲ್ಲಗೆ ನಡೆದ. ಒಬ್ಬೊಬ್ಬರಾಗಿ ಚೀಟಿ ಹಾಕಿದರು. ಕೆಲವರು ಅವನ ಮುಖ ನೋಡಿದರು, ಕೆಲವರು ತುಟಿ ಕಚ್ಚಿಕೊಂಡರು. ತ್ರೈನ್ ತಲೆ ಎತ್ತಲೇ ಇಲ್ಲ. ಫೊಕ್ಕೊ ಚೀಟಿ ಹಾಕುತ್ತಾ ಕಣ್ಣು ಹೊಡೆದ. ಎಂಟನೆಯ ವೃತ್ತವನ್ನು ಇವನಿಗೆ ಕೊಟ್ಟದ್ದು ಸರಿಯಾಯಿತು ಎಂದುಕೊಂಡ ಹಾರ್ಮನ್.

ಬಾಗಿಲು ದಾಟಿದ. ಏಳನೆಯ ಹೆಜ್ಜೆಗೆ ಎಡಕ್ಕೆ ತಿರುಗಿದ. ಬಟ್ಟೆ ಎತ್ತಿದ, ಇಟ್ಟ, ತೆಗೆದ, ಇಳಿಬಿಟ್ಟ. ನಾಲ್ಕು ಸೆಕೆಂಡೂ ಆಗಲಿಲ್ಲ. ಎಣಿಸುವ ಕೋಣೆಯ ಮೇಜಿನ ಮೇಲೆ ಪೆಟ್ಟಿಗೆ ಇಟ್ಟು, ಎಣಿಸಲೆಂದು ಮೊದಲೇ ಅಲ್ಲಿ ಹೋಗಿ ಕೂತಿದ್ದ ಮೂವರಲ್ಲಿ ತ್ರೈನ್‌ಳಿಗೆ ಬೀಗದ ಕೈ ಕೊಟ್ಟು, ಬಾಗಿಲು ಎಳೆದುಕೊಂಡು ಬಂದು ತನ್ನ ಜಾಗದಲ್ಲಿ ಕೂತ. ಎದೆ ಹೊಡೆದುಕೊಳ್ಳಲೂ ಇಲ್ಲ. ಅವನ ಮುಂದೆ ನೇಮಕದ ಆದೇಶದ ಕರಡು ಇತ್ತು, ಹೆಸರಿನ ಜಾಗ ಖಾಲಿ. ಅದರ ಮುಂದಿನ ವಾರದಿಂದ ಅವನ ರುಜುವಿನ ಮೇಲೆ ‘ಬದಲಿಗೆ’ ಇರುವುದಿಲ್ಲ.

ಹತ್ತೊಂಬತ್ತು ಚೀಟಿ ಎಣಿಸಲು ಮೂರು ನಿಮಿಷ ಸಾಕು. ಐದಾಯಿತು, ಹತ್ತಾಯಿತು. ಗೋಡೆಯಾಚೆಯಿಂದ ತ್ರೈನ್‌ಳ ದನಿ ಎದ್ದದ್ದು ಕೇಳಿಸಿತು: “ಇನ್ನೊಂದ್ಸಲ. ಇಲ್ಲ, ಇನ್ನೊಂದ್ಸಲ ಎಣಿಸು.” ಹಾರ್ಮನ್‌ಗೆ ಒಳಗೊಳಗೇ ತಣ್ಣಗಾಯಿತು. ಸೋಲನ್ನು ಮೂರು ಸಲ ಎಣಿಸಿದರೂ ಅದು ಸೋಲೇ ತ್ರೈನ್. ಕಾಲು ಗಂಟೆಯ ಮೇಲೆ ಮೂವರೂ ಹೊರಬಂದರು. ತ್ರೈನ್‌ಳ ಮುಖ ಕೆಂಪಾಗಿತ್ತು, ಮಿಕ್ಕಿಬ್ಬರದು ಬಿಳಿಚಿಕೊಂಡಿತ್ತು. ಮೇಯರ್ ಹಾಳೆ ಓದಿಕೊಂಡು ಕನ್ನಡಕ ತೆಗೆದರು, ತ್ರೈನ್ ಕಡೆ ನೋಡಿದರು. ತ್ರೈನ್ ಏನೂ ತಿಳಿಯದವಳಂತೆ ಭುಜ ಹಾರಿಸಿದಳು. ಮೇಯರ್ ಮತ್ತೆ ಕನ್ನಡಕ ಹಾಕಿಕೊಂಡರು.

“ಹಾಕಿದ ಮತ ಹತ್ತೊಂಬತ್ತು. ಫ್ಲೋರ್ ದ ವಿಲ್ಡ ಅವರಿಗೆ ಎಂಟು. ಹಾರ್ಮನ್ ಡೋರ್ನ್‌ಬೋಸ್ ಅವರಿಗೆ ಹನ್ನೊಂದು.”

ಚಪ್ಪಾಳೆ ಬರಲಿಲ್ಲ. ಆದರೂ ಹಾರ್ಮನ್ ವಿನಯದಿಂದ ತಲೆ ತಗ್ಗಿಸಿ, ಕರಡಿನ ಖಾಲಿ ಜಾಗದಲ್ಲಿ ತನ್ನ ಹೆಸರು ಬರೆಯಲು ಪೆನ್ನು ತೆಗೆದ.

“ಯಾರ್ರಪ್ಪಾ ಅದು, ಎಂಟು ಜನ?” ಎಂದ ಫೊಕ್ಕೊ. ಅವನ ದನಿಯಲ್ಲಿ ಕೀಟಲೆ ಇರಲಿಲ್ಲ. ಮೇಯರ್ ಮತ ಗುಟ್ಟಿನದೆಂದು ಎಚ್ಚರಿಸುವ ಮೊದಲೇ ಅವನು ಮಂಡಿ ಹಿಡಿದುಕೊಂಡು ಎದ್ದು ನಿಂತಿದ್ದ. “ನನ್ನ ಮತ ನಾನು ಹೇಳ್ಕೊಂಡ್ರೆ ಯಾವ ಕಾನೂನು ಅಡ್ಡ ಬರುತ್ತೆ, ಅಧ್ಯಕ್ಷರೇ? ಆ ಹುಡುಗ ಏಳು ವರ್ಷದ ಹಿಂದೆ ನಮ್ಮಿಂದ ಅನ್ಯಾಯ ಉಂಡ. ಈ ಸಲ ಒಂದು ಮತಾನೂ ಆಚೆ ಹೋಗ್ಬಾರ್ದು, ಎಲ್ಲಾ ಹತ್ತೊಂಬತ್ತೂ ಅವನಿಗೇ ಬೀಳ್ಬೇಕು, ಪೆಟ್ಟಿಗೆ ತೆಗೆಯೋವರ್ಗೂ ಅವನಿಗೆ ಗೊತ್ತಾಗ್ಬಾರ್ದು ಅಂತ ನಮ್ಮ ಕೊಟ್ಟಿಗೇಲಿ ಕೂತು ಮಾತಾಡ್ಕೊಳ್ಳಿಲ್ವಾ ನಾವು? ನಾನು ಅವನಿಗೇ ಹಾಕ್ದೆ.” ಅವನು ಕೈ ಎತ್ತಿದ. “ನಾನೂ ಅಷ್ಟೆ,” ಎಂದಳು ತ್ರೈನ್, ಅವಳ ಕೈಯೂ ಮೇಲೆ ಹೋಯಿತು. ಟೆಕ್ಸಲ್‌ನಿಂದ ಬಂದವನು ಎತ್ತಿದ. ಹರ್ಮಾನ್ ಎಂದು ಕರೆಯುವವಳು ಎತ್ತಿದಳು. ಕೈಗಳು ಮೇಜಿನ ಸುತ್ತ ಒಂದರ ಹಿಂದೆ ಒಂದು ಏಳುತ್ತಾ ಹೋದವು. ಪಕ್ಕದವರ ಕೈ ಎದ್ದಿದೆಯೇ ಎಂದು ಒಬ್ಬೊಬ್ಬರೂ ತಿರುಗಿ ನೋಡುತ್ತಿದ್ದರು, ಕೊನೆಗೆ ಎಲ್ಲರ ಕಣ್ಣೂ ಪೆಟ್ಟಿಗೆ ಹೊತ್ತವನ ಮೇಲೆ ಬಂದು ನಿಂತಿತು. ಹಾರ್ಮನ್ ಡೋರ್ನ್‌ಬೋಸ್‌ನ ಕೈಗೆ ಸಭೆಯಲ್ಲಿ ಕೈ ಎದ್ದರೆ ಎಣಿಸುವುದೊಂದೇ ಗೊತ್ತಿತ್ತು. ಅವನು ಎಡ ತುದಿಯಿಂದ ಬಲ ತುದಿಯವರೆಗೆ ಎಣಿಸಿದ, ರೂಢಿಯಂತೆ ಬಲದಿಂದ ಎಡಕ್ಕೆ ಇನ್ನೊಮ್ಮೆ ಎಣಿಸಿದ, ಮತ್ತು ಮುಂದಿದ್ದ ಹಾಳೆಯ ಅಂಚಿನಲ್ಲಿ ಬರೆದುಕೊಂಡ: ಹತ್ತೊಂಬತ್ತು.